ಬೇಕಾಗಿದ್ದಾರೆ: ಹತ್ತನೇ ಫೇಲಾದವರು

ಚೀತಾ ಕ್ಯಾಂಪ್, ಮುಂಬಯಿ
12 ಜೂನ್ 2022

ಬುಷರಾ ಆಪಾಗೆ ತಮ್ಮ ಜಾವೇದನ ಸಲಾಂ.

ಕ್ಷೇಮವಾಗಿ ತಲುಪಿದ್ದೇನೆ ಎಂದು ಅಮ್ಮಾಗೆ ಹೇಳು. ಮುಂಬಯಿಯಲ್ಲಿ ಕೆಲಸಕ್ಕೆ ಬರವಿಲ್ಲ ಎಂದು ಸಿಂದಗಿಯಲ್ಲಿ ಎಲ್ಲರೂ ಹೇಳಿದ್ದು ನಿಜ. ಇಲ್ಲಿ ಗೋಡೆಗೋಡೆಗೂ ಚೀಟಿ ಅಂಟಿಸಿದ್ದಾರೆ: ‘ಪ್ರೊಡಕ್ಷನ್ ಹೆಲ್ಪರ್ ಬೇಕಾಗಿದ್ದಾರೆ. ಅನುಭವ ಬೇಡ. ಎಂಟನೇ ಪಾಸ್, ಹತ್ತನೇ ಫೇಲ್.’ ಅನುಭವ ನನಗೂ ಇಲ್ಲ, ಸರಿಹೋಯಿತು ಎಂದು ಹಿಗ್ಗಿದೆ. ಮುಂದಿನ ಸಾಲನ್ನು ಗಮನವಿಟ್ಟು ಓದಲಿಲ್ಲ. ಬಿ.ಎ. ಆದವರ ಲಕ್ಷಣವೇ ಅದು.

ಸಿದ್ದಲಿಂಗಪ್ಪನವರನ್ನು ಕಂಡೆ. ನಮ್ಮ ತಾಲೂಕಿನವರೇ. ಚೆಂಬೂರಿನ ಸುತ್ತಮುತ್ತಲ ಕಾರ್ಖಾನೆಗಳಿಗೆ ಹೆಲ್ಪರುಗಳನ್ನು ಒದಗಿಸುವ ಕಂತ್ರಾಟುದಾರರು. ಚಹಾ ಕುಡಿಸಿದರು, ಊರಿನ ಸುದ್ದಿ ಕೇಳಿದರು, ಹೆಗಲ ಮೇಲೆ ಕೈಯನ್ನೂ ಹಾಕಿದರು. ಆಮೇಲೆ “ಎಷ್ಟು ಕಲ್ತೀಪಾ?” ಎಂದರು.

“ಬಿ.ಎ. ರೀ. ಐಚ್ಛಿಕ ಕನ್ನಡ. ಸೆಕೆಂಡ್ ಕ್ಲಾಸ್.”

ಅವರು ಹೆಗಲ ಮೇಲಿದ್ದ ಕೈ ತೆಗೆದರು. ಅಂಟುರೋಗದವನನ್ನು ಮುಟ್ಟಿದೆನೇನೋ ಎಂಬಂತೆ ಅದನ್ನು ಧೋತರಕ್ಕೆ ಒರೆಸಿಕೊಂಡರು.

“ತಮ್ಮಾ, ಬಿ.ಎ. ಆದಾವ್ರನ್ನ ಕಂಪನಿ ಗೇಟಿನೊಳಗ ಬಿಡೂದಿಲ್ಲ. ಮಷೀನ್ ಮುಂದ ನಿಂತು ವಿಚಾರ ಮಾಡ್ತಾರ. ವಿಚಾರ ಮಾಡಿದ ಮ್ಯಾಲ ಓವರ್‌ಟೈಮ್ ಕೇಳ್ತಾರ. ಹತ್ತನೇತ್ತ ಫೇಲಾದಾಂವ ಇದ್ರ ಹೇಳು, ನಾಳೆನ ಹಚ್ಚತೀನಿ.”

“ಪಾಸಾದಾಂವ ಈಗ ಫೇಲ್ ಆಗೂದು ಹೆಂಗ್ರೀ?”

“ನಿಮ್ಮ ಮನ್ಯಾಗ ಯಾರೂ ಫೇಲಾಗಿಲ್ಲೇನು?”

ಆಗ ಆಪಾ, ನಿನ್ನ ಯಜಮಾನರ, ನಮ್ಮ ದುಲ್ಹಾಭಾಯಿಯವರ ಮುಖ ನನ್ನ ಕಣ್ಣ ಮುಂದೆ ಬೆಳಗಿತು. ಗಣಿತ, ವಿಜ್ಞಾನ, ಇಂಗ್ಲಿಷು ಎಂಬ ಭೇದಭಾವವಿಲ್ಲದೆ ಎಲ್ಲದರಲ್ಲೂ ಫೇಲಾದ ಸಮದರ್ಶಿ. ನಿನ್ನ ಮದುವೆಯಲ್ಲಿ ನಾನು ಅದನ್ನೇ ಎತ್ತಿ ಆಡಿಕೊಂಡಿದ್ದೆ. ಈಗ ಅದೇ ಫೇಲಿಗೆ ಸಲಾಂ ಹೊಡೆಯುತ್ತಿದ್ದೇನೆ. ಅವರ ಆಧಾರ್ ಕಾರ್ಡು, ಶಾಲೆ ಬಿಟ್ಟ ದಾಖಲೆ, ಬ್ಯಾಂಕಿನ ಎ.ಟಿ.ಎಂ. ಕಾರ್ಡು ಕಳಿಸಿಕೊಡು. ಫೋಟೋ ಬಗ್ಗೆ ಹೆದರಬೇಡ. ಆಧಾರ್ ಫೋಟೋದಲ್ಲಿ ಯಾರೂ ಯಾರಂತೆಯೂ ಇರುವುದಿಲ್ಲ. ಒಂದಷ್ಟು ತಿಂಗಳು ಅವರ ಹೆಸರಿನಲ್ಲಿ ಇರುತ್ತೇನೆ, ಅಷ್ಟೇ.

ಇಂತಿ ನಿನ್ನ ತಮ್ಮ,
ಸದ್ಯಕ್ಕೆ ಜಾವೇದ


ಸಿಂದಗಿ
3 ಜುಲೈ 2022

ಪ್ರೀತಿಯ ಜಾವೇದನಿಗೆ ಆಪಾಳ ದುವಾ.

ಇನ್ನು ಮೇಲೂ ಹೀಗೆ ಅಂಗನವಾಡಿಯ ವಿಳಾಸಕ್ಕೇ ಕಾಗದ ಬರೆ. ಫೋನು ಮಾಡಿದರೆ ನಮ್ಮ ಅತ್ತೆ ಸ್ಪೀಕರ್ ಹಾಕಿಸಿ ಓಣಿಗೆಲ್ಲ ಪ್ರಸಾರ ಮಾಡುತ್ತಾರೆ. ಇಲ್ಲಿ ಮಕ್ಕಳು ಮಾತ್ರ ಇರುತ್ತವೆ, ಅವಕ್ಕೆ ಇನ್ನೂ ಓದಲು ಬರುವುದಿಲ್ಲ. ಟೀಚರಾಗಿ ಇದಕ್ಕಾಗಿ ಸಂತೋಷಪಟ್ಟದ್ದು ಇದೇ ಮೊದಲು.

ಕೇಳಿದ್ದೆಲ್ಲ ಈ ಲಕೋಟೆಯಲ್ಲಿದೆ. ನಿನ್ನ ದುಲ್ಹಾಭಾಯಿಗೆ ವಿಷಯ ಹೇಳಿದಾಗ ಅವರು ಮಂಚದ ಮೇಲೆ ಎದ್ದು ಕೂತರು. ಊರಿಗೆ ಡಿಜೆ ಗಾಡಿ ಬಂದ ಮೇಲೆ ಲಗ್ನಕ್ಕೆ ಬ್ಯಾಂಡಿನವರನ್ನು ಕರೆಯುವವರಿಲ್ಲ, ಇವರು ಕ್ಲಾರಿನೆಟ್ಟನ್ನು ಎಣ್ಣೆ ಹಚ್ಚಿ ಒರೆಸುತ್ತ ಕೂತಿರುತ್ತಾರೆ ಎಂದು ನಿನಗೆ ಗೊತ್ತು. ಅಂಥವರು ಅವತ್ತು ತಾಯಿಯನ್ನು ಕರೆದು, “ನೋಡವಾ, ಮುಂಬಯಿ ಕಂಪನಿಯಾವ್ರು ನನ್ನ ಸರ್ಟಿಫಿಕೇಟ್ ಕೇಳ್ಯಾರ. ಬಿ.ಎ. ಆದಾಂವಂದು ಒಲ್ಲೆ ಅಂದಾರ” ಎಂದರು. ಅತ್ತೆ ಅಂದು ಮಗನ ದೃಷ್ಟಿ ತೆಗೆದರು.

ಅಮ್ಮಾ ಚೆನ್ನಾಗಿದ್ದಾಳೆ. ಮಗಳ ಗಂಡನ ಮನೆಯಲ್ಲಿರುವ ತಾಯಿ ಎಷ್ಟು ಚೆನ್ನಾಗಿರಬಹುದೋ ಅಷ್ಟು. ಊಟಕ್ಕೆ ಕೂತಾಗ ಎರಡನೇ ರೊಟ್ಟಿಗೆ ಕೈ ಚಾಚುವ ಮೊದಲು ಅತ್ತೆಯ ಮುಖ ನೋಡುತ್ತಾಳೆ. ನಾನು ರೊಟ್ಟಿ ಬಡಿಯುತ್ತ ಬೇರೆ ಕಡೆ ನೋಡುತ್ತೇನೆ.

ಹೆಸರು ಜೋಪಾನ. ಹೊಲಸು ಮಾಡಬೇಡ.

ನಿನ್ನ
ಬುಷರಾ ಆಪಾ


ಚೀತಾ ಕ್ಯಾಂಪ್
20 ನವೆಂಬರ್ 2022

ಪ್ರೀತಿಯ ಆಪಾಗೆ, ರಾಜೇಸಾಬನ ಸಲಾಂ. ತಪ್ಪು ತಿಳಿಯಬೇಡ, ದುಲ್ಹಾಭಾಯಿಯ ಹೆಸರನ್ನು ಅಭ್ಯಾಸ ಮಾಡುತ್ತಿದ್ದೇನೆ.

ನಮ್ಮ ಕಾರ್ಖಾನೆ ತಲೆನೋವಿನ ಮುಲಾಮು ತಯಾರಿಸುತ್ತದೆ. ಮುಲಾಮನ್ನು ಪುಟ್ಟ ಗಾಜಿನ ಡಬ್ಬಿಗೆ ತುಂಬುವ ಕೋಣೆಯಲ್ಲಿ ನನ್ನ ಜಾಗ. ಓಡುವ ಪಟ್ಟಿಯ ಮೇಲೆ ಡಬ್ಬಿ ಇಡುವುದು, ವಾರೆಯಾದದ್ದನ್ನು ನೆಟ್ಟಗೆ ಮಾಡುವುದು, ಬಿದ್ದದ್ದನ್ನು ಎತ್ತುವುದು. ಬಿ.ಎ. ಆದವನು ಇದರಲ್ಲಿ ಏನು ವಿಚಾರ ಮಾಡಬಹುದು ಎಂದು ಸಿದ್ದಲಿಂಗಪ್ಪನವರು ಹೆದರಿದರೋ ತಿಳಿಯದು. ನಿಂತು ನಿಂತು ಕಾಲು ಊದಿಕೊಂಡಾಗ ಮಾತ್ರ ಒಂದೆರಡು ವಿಚಾರ ಬರುತ್ತವೆ.

ಪುದೀನ ಸತ್ವ, ಕರ್ಪೂರದ ಘಾಟಿಗೆ ಎಲ್ಲರ ಕಣ್ಣಲ್ಲೂ ದಿನವಿಡೀ ನೀರು. ಮೊದಲ ವಾರ ನಾನು ಕಣ್ಣೊರೆಸಿಕೊಳ್ಳುತ್ತ ನಿಂತಾಗ ಲೈನಿನ ಸೂಪರ್‌ವೈಸರ್ ಅಮೋಲ್ ಬಂದು, “ರಾಜೂ, ಇಲ್ಲಿ ಅಳೋಕೆ ಟೈಮ್ ಬೇರೆ ಕೊಡಲ್ಲ. ಕೆಲಸ ಮಾಡ್ತಾ ಅಳು” ಎಂದು ಹಿಂದಿಯಲ್ಲಿ ಹಿತವಚನ ಹೇಳಿದರು. ಒಳ್ಳೆಯ ಮನುಷ್ಯ. ಲೋಕಲ್ ಟ್ರೇನಿನಲ್ಲಿ ನನ್ನ ಮೈಯ ವಾಸನೆಗೆ ಜನ ದೂರ ಸರಿಯುತ್ತಾರೆ. ನೆಗಡಿಯಾದವರು ಮಾತ್ರ ಹತ್ತಿರ ಬಂದು ನಿಲ್ಲುತ್ತಾರೆ.

ಮುಖಕ್ಕೆ ಮಾಸ್ಕು, ಮೈಗೆ ಗೌನು, ತಲೆಗೆ ಟೋಪಿ. ಯಾರಿಗೂ ಯಾರ ಮುಖವೂ ಗೊತ್ತಿಲ್ಲ. ಹೆಲ್ಪರಿಗೆ ಹಳದಿ ಟೋಪಿ, ಪರ್ಮನೆಂಟ್ ಆದ ಆಪರೇಟರಿಗೆ ನೀಲಿ. ಹಳದಿಯವನಿಗೆ ಸಿದ್ದಲಿಂಗಪ್ಪನವರು ತಮ್ಮ ಪಾಲು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಉಳಿಯುವುದು ಖೋಲಿಯ ಬಾಡಿಗೆಗೆ, ಊಟಕ್ಕೆ, ಅಮ್ಮಾಗೆ ಕಳಿಸುವುದಕ್ಕೆ ಸರಿಹೋಗುತ್ತದೆ. ಒಂದು ದಿನ ಬಾರದಿದ್ದರೆ ಸಂಬಳವಿಲ್ಲ, ಎರಡು ದಿನ ಬಾರದಿದ್ದರೆ ಜಾಗವಿಲ್ಲ. ನೀಲಿಯವನಿಗೆ ರಜೆ, ಪಿ.ಎಫ್., ಹೆಂಡತಿ ಮಕ್ಕಳಿಗೆ ಔಷಧ, ದುಪ್ಪಟ್ಟು ಪಗಾರ. ನೀಲಿಯವನು ಕೂತು ಊಟ ಮಾಡುತ್ತಾನೆ.

ಹಾಜರಿ ತಪ್ಪದ ಹೆಲ್ಪರನ್ನು ಕಂಪನಿ ಎಂದಾದರೊಂದು ದಿನ ಪರ್ಮನೆಂಟ್ ಮಾಡುತ್ತದೆ ಎಂದು ಅಮೋಲ್ ಹೇಳಿದ್ದಾರೆ. ಆಪಾ, ನನಗೆ ಆ ನೀಲಿ ಟೋಪಿ ಬೇಕು. ಕಾಲೇಜಿನಲ್ಲಿ ಕರಿ ಟೋಪಿ ಹಾಕಿ ಪದವಿ ಕೊಟ್ಟಾಗಲೂ ನನಗೆ ಇಷ್ಟು ಆಸೆಯಾಗಿರಲಿಲ್ಲ.

ಸಂಬಳ ದುಲ್ಹಾಭಾಯಿಯ ಖಾತೆಗೆ ಬೀಳುತ್ತದೆ. ಕಾರ್ಡು ನನ್ನ ಹತ್ತಿರ, ಮೆಸೇಜು ಅವರ ಫೋನಿಗೆ. ಬಂದ ದಿನ ಅವರು ಗೆಳೆಯರಿಗೆ ಚಹಾ ಕುಡಿಸುತ್ತಾರಂತೆ. ಕುಡಿಸಲಿ.

ಇಂತಿ,
ಜಾವೇದ


ಸಿಂದಗಿ
9 ಏಪ್ರಿಲ್ 2023

ಜಾವೇದನಿಗೆ ದುವಾ.

ಅಮ್ಮಾಳ ಕಣ್ಣಿನ ಆಪರೇಷನ್ ಆಯಿತು. ನೀನು ಬರಲಿಲ್ಲ. ‘ರಾಜೇಸಾಬ ರಜೆ ಹಾಕುವಂತಿಲ್ಲ’ ಎಂದು ಬರೆದಿದ್ದೆ. ರಾಜೇಸಾಬ ಇಲ್ಲೇ ಇದ್ದರಪ್ಪಾ, ವಿಜಯಪುರದ ಆಸ್ಪತ್ರೆಯ ಬೆಂಚಿನ ಮೇಲೆ, ಶೇಂಗಾ ಸುಲಿಯುತ್ತ. ಪಟ್ಟಿ ಬಿಚ್ಚಿದಾಗ ಅಮ್ಮಾಳಿಗೆ ಎದುರಿಗೆ ಯಾರೋ ಗಂಡಸು ಕಂಡ. “ಜಾವೇದಾ, ಯಾವಾಗ ಬಂದಿ?” ಎಂದು ಅವರ ಕೈ ಹಿಡಿದಳು. ಇವರು ಬಿಡಿಸಿಕೊಳ್ಳಲಿಲ್ಲ. “ಈಗ ಬಂದೆ” ಎಂದರು. ಒಳ್ಳೆಯದಕ್ಕೇ ಹೇಳಿದ್ದು.

ಇನ್ನೊಂದು ತಮಾಷೆ. ಬ್ಯಾಂಕಿನವರು ಈಗ ಇವರಿಗೆ ಕುರ್ಚಿ ಕೊಡುತ್ತಾರೆ. ಕಂಪನಿ ನೌಕರ, ಪ್ರತಿ ತಿಂಗಳು ಪಗಾರ. “ನೌಕರಿ ಮುಂಬಯಿದಾಗ, ನೀವು ಇಲ್ಲಿ, ಅದು ಹೆಂಗ್ರೀ?” ಎಂದು ಕ್ಲಾರ್ಕ್ ಕೇಳಿದ್ದಕ್ಕೆ ಇವರು “ಮನಿಯಿಂದ ಕೆಲಸ” ಎಂದರಂತೆ. ಅತ್ತೆ ಕೂಡ ನನಗೆ ಹೇಳುವುದು ಹಾಗೆಯೇ: ನನ್ನ ಮಗ ದುಡಿತಾನ, ನಿನ್ನ ತಮ್ಮ ಅಲ್ಲಿ ಅವನ ಹೆಸರಿನ ಮ್ಯಾಲ ಉಣ್ತಾನ. ಮೊದಲು ನಕ್ಕೆ. ಈಗ ನಗುವುದಿಲ್ಲ, ಬೈಯುವುದೂ ಇಲ್ಲ. ದಿನಾ ಕೇಳಿದ ಮಾತು ಒಂದು ದಿನ ನಿಜದಂತೆ ಕೇಳಿಸುತ್ತದೆ.

ಈದ್‌ಗಾದರೂ ಬರುತ್ತೀಯೋ, ಅದಕ್ಕೂ ಹಾಜರಿಯ ಭಯವೋ?

ಬುಷರಾ


ಚೀತಾ ಕ್ಯಾಂಪ್
18 ಫೆಬ್ರವರಿ 2024

ಪ್ರೀತಿಯ ಆಪಾ,

ಬಹಳ ದಿನದಿಂದ ಬರೆದಿಲ್ಲ. ಇಂದು ಬರೆಯುವುದಕ್ಕೆ ಕಾರಣವಿದೆ. ನಾನು ಗೆದ್ದೆ.

ಒಂದೊಂದು ಲೈನಿನಿಂದ ಒಬ್ಬ ಹೆಲ್ಪರನ್ನು ಪರ್ಮನೆಂಟ್ ಮಾಡುತ್ತಾರೆ ಎಂದು ಸುದ್ದಿ ಬಂತು. ನಮ್ಮ ಲೈನಿನಲ್ಲಿ ಈದ್‌ಗೂ ಹೋಗದ, ಜ್ವರಕ್ಕೂ ಮಲಗದ, ತಾಯಿಯ ಕಣ್ಣಿಗೂ ಬಾರದ ನರಪುಂಗವ ಒಬ್ಬನೇ. ಸಂದರ್ಶನಕ್ಕೆ ಕರೆದರು.

ಕೂತವರು ಮಾಧುರಿ ಮೇಡಂ, ಆಫೀಸಿನವರು. ಗೋಡೆಯ ಮೇಲಿನ ಇಂಗ್ಲಿಷ್ ಎಚ್ಚರಿಕೆ ಫಲಕ ತೋರಿಸಿ ಓದು ಎಂದರು. ಆಪಾ, ಓದಲು ಬರುವುದನ್ನು ಬಾರದವನಂತೆ ಓದುವುದು ಎಂಥ ಕಷ್ಟ. ಮೊದಲ ಪದದಲ್ಲಿ ಎಡವಿದೆ, ಎರಡನೆಯದರಲ್ಲಿ ಬಿದ್ದೆ, ಮೂರನೆಯದಕ್ಕೆ ಬೆವರು ಒರೆಸಿಕೊಂಡೆ. ಮೇಡಂ ಮುಖದಲ್ಲಿ ಕರುಣೆ ಉಕ್ಕಿತು.

“ಹತ್ತನೇ ಯಾಕೆ ಫೇಲಾದೆ?”

“ಬ್ಯಾಂಡ್ ಬಾರಿಸೋಕೆ ಹೋಗ್ತಿದ್ದೆ ಮೇಡಂ.”

“ಮುಂದೆ ಓದೋ ಆಸೆ ಇದೆಯಾ?”

“ತೋಬಾ ಮೇಡಂ.”

“ವೆರಿ ಗುಡ್. ನನಗೆ ನಿನ್ನಂಥವರೇ ಬೇಕು. ಓದಿದವರನ್ನು ನಂಬೋ ಹಾಗಿಲ್ಲ. ಸುಳ್ಳು ಕಾಗದ ತಂದು ಕೊಡ್ತಾರೆ.”

ನಾನು ತಲೆ ತಗ್ಗಿಸಿ ಒಪ್ಪಿದೆ. ಆಯ್ಕೆಯಾಯಿತು.

ಒಂದೇ ತೊಡಕು. ಪರೇಲ್‌ನ ದೊಡ್ಡ ಆಫೀಸಿಗೆ ಅಸಲಿ ಆಧಾರ್ ಒಯ್ದು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು. ಇಷ್ಟು ದಿನ ಸಿದ್ದಲಿಂಗಪ್ಪನವರ ಹಾಜರಿಗೆ ನಕಲು ಸಾಕಾಗಿತ್ತು. ಈಗ ಬೆರಳೇ ಬೇಕು. ಅಮೋಲ್‌ಗೆ ಹೆದರಿಕೊಂಡು ನಿಜ ಹೇಳಿದೆ. ಅವರು ನಕ್ಕರು. “ನನಗೆ ಮೊದಲೇ ಗೊತ್ತು. ಅರ್ಧ ಲೈನ್ ಇನ್ನೊಬ್ಬರ ಹೆಸರಲ್ಲಿ ನಿಂತಿದೆ. ಅಸಲಿಯವನನ್ನು ಕರೆಸು, ಒಂದು ದಿನ ಬೆರಳು ಒತ್ತಿ ಹೋಗಲಿ. ಮಷೀನಿಗೆ ನಿನ್ನ ಕೈ ಇದ್ದರೆ ನನಗೆ ಸಾಕು. ಹೆಸರು ಬದಲಿಸೋದು ಆಮೇಲೆ ನೋಡೋಣ.”

ದುಲ್ಹಾಭಾಯಿಯನ್ನು ಒಂದು ದಿನದ ಮಟ್ಟಿಗೆ ಕಳಿಸು. ಬೆರಳು ಒತ್ತಿಸಿ, ಉಡುಪಿ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನಿಸಿ, ಸಮುದ್ರ ತೋರಿಸಿ ಬಸ್ ಹತ್ತಿಸುತ್ತೇನೆ. ಅಮ್ಮಾಗೆ ಹೇಳು: ಖೋಲಿ ನೋಡುತ್ತಿದ್ದೇನೆ, ಅವಳನ್ನು ಕರೆಸಿಕೊಳ್ಳುತ್ತೇನೆ. ಇಲ್ಲಿ ಎಷ್ಟು ರೊಟ್ಟಿಯನ್ನಾದರೂ ತಿನ್ನಲಿ.

ನಿನ್ನ
ಜಾವೇದ (ಇನ್ನು ಕೆಲವೇ ದಿನಗಳಲ್ಲಿ ನೀಲಿ)


ಸಿಂದಗಿ
4 ಮಾರ್ಚ್ 2024

ಜಾವೇದನಿಗೆ ದುವಾ, ಮುಬಾರಕ್.

ಶುಕ್ರವಾರದ ಟ್ರಾವೆಲ್ಸ್ ಬಸ್ಸಿಗೆ ಇವರನ್ನು ಕೂರಿಸುತ್ತೇನೆ. ಸ್ಟ್ಯಾಂಡಿಗೆ ಬಂದು ಇಳಿಸಿಕೊ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ್ದೇನೆ. ಚಾದರ, ಹಾಸಿಗೆ ಕೂಡ. ಒಂದು ದಿನಕ್ಕೆ ಹಾಸಿಗೆ ಯಾಕೆ ಎನ್ನಬೇಡ, ನಿನ್ನದರಲ್ಲಿ ಮಲಗಿದರೆ ಮುಲಾಮಿನ ವಾಸನೆಗೆ ಇವರಿಗೆ ನಿದ್ದೆ ಬರಲಿಕ್ಕಿಲ್ಲ. ಬಟ್ಟೆ ಸ್ವಲ್ಪ ಹೆಚ್ಚೇ ಇಟ್ಟಿದ್ದೇನೆ. ಸಮುದ್ರ ನೋಡಲು ಹೋದರೆ ಒದ್ದೆಯಾಗಬಹುದಲ್ಲ.

ಕ್ಲಾರಿನೆಟ್ಟನ್ನು ಬಾಗೇವಾಡಿಯ ಬ್ಯಾಂಡಿನವರಿಗೆ ಕೊಟ್ಟುಬಿಟ್ಟರು. ಧೂಳು ತಿನ್ನುತ್ತಿತ್ತು.

ಅಂದ ಹಾಗೆ, ಪರ್ಮನೆಂಟ್ ಆದವರ ಹೆಂಡತಿಗೂ ಔಷಧ ಸಿಗುತ್ತದೆ ಎಂದಿದ್ದೆಯಲ್ಲ, ಹೆಂಡತಿಯ ಫೋಟೋ ಕೊಡಬೇಕೇ? ಅಲ್ಲಿ ಕನ್ನಡ ಅಂಗನವಾಡಿ ಇದೆಯೇ? ಚೆಂಬೂರಿನಲ್ಲಿ ನಮ್ಮ ಕಡೆಯವರು ಬಹಳ ಇದ್ದಾರೆ ಎಂದು ಇಲ್ಲಿ ಯಾರೋ ಹೇಳಿದರು. ಸುಮ್ಮನೆ ಕೇಳಿದೆ.

ಆಪಾ


ಚೀತಾ ಕ್ಯಾಂಪ್
31 ಮಾರ್ಚ್ 2024

ಆಪಾ,

ದುಲ್ಹಾಭಾಯಿ ಇನ್ನೂ ಯಾಕೆ ಊರಿಗೆ ವಾಪಸ್ ಬಂದಿಲ್ಲ ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ.

ಪರೇಲ್‌ಗೆ ಕರೆದುಕೊಂಡು ಹೋದೆ. ಬೆರಳಿಟ್ಟ ತಕ್ಷಣ ಯಂತ್ರ ಹಸಿರು ದೀಪ ಹೊತ್ತಿಸಿ ಅವರನ್ನು ರಾಜೇಸಾಬ ಎಂದು ಒಪ್ಪಿಕೊಂಡಿತು. ನಾನು ಎರಡು ವರ್ಷ ದುಡಿದು ಗಳಿಸಿದ ಹೆಸರು, ಒಂದು ಬೆರಳಿಗೆ. ಆಮೇಲೆ ಡಾಕ್ಟರ ಪರೀಕ್ಷೆ. ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದ ಡಾಕ್ಟರು ಬೆರಗಾದರು. “ಮುಲಾಮು ತುಂಬುವ ಕೋಣೆಯಲ್ಲಿ ಇಷ್ಟು ದಿನ ನಿಂತವರಲ್ಲಿ ಇಂಥ ತಿಳಿಯಾದ ಕಣ್ಣು ನಾನು ನೋಡಿಲ್ಲ. ಏನು ತಿಂತೀಯಪ್ಪ?” ಎಂದರು. ದುಲ್ಹಾಭಾಯಿ ವಿನಯದಿಂದ “ಜೋಳದ ರೊಟ್ಟಿ” ಎಂದರು. ನಾನು ಬಾಗಿಲ ಹೊರಗೆ ಕೆಂಪು ಕಣ್ಣು ಒರೆಸಿಕೊಳ್ಳುತ್ತ ಅವರ ಚಪ್ಪಲಿ ಕಾಯುತ್ತಿದ್ದೆ.

ಅಷ್ಟರವರೆಗೆ ಎಲ್ಲವೂ ತಮಾಷೆಯೇ. ಮರುದಿನ ತಿಳಿಯಿತು, ನೀಲಿ ಟೋಪಿಯವರು ಒಂದು ಸಲವಲ್ಲ, ದಿನವೂ ಬರುವಾಗ ಹೋಗುವಾಗ ಹೆಬ್ಬೆಟ್ಟು ಒತ್ತಬೇಕು. ಅಮೋಲ್‌ಗೂ ಇದು ಹೊಳೆದಿರಲಿಲ್ಲವಂತೆ; ಹೆಲ್ಪರು ಪರ್ಮನೆಂಟ್ ಆದದ್ದನ್ನು ಅವರು ಈ ಮೊದಲು ಕಂಡೇ ಇರಲಿಲ್ಲವಂತೆ. “ಬೆರಳು ಇರೋನು ಬರಲೇಬೇಕು ರಾಜೂ, ನಾನೇನು ಮಾಡಲಿ” ಎಂದು ನನಗೇ ಹೇಳಿದರು, ರಾಜೂ ಎಂದು.

ಈಗ ದುಲ್ಹಾಭಾಯಿ ಮಾಸ್ಕು, ನೀಲಿ ಟೋಪಿ ಹಾಕಿಕೊಂಡು ಹೋಗುತ್ತಾರೆ; ಒಳಗಿನ ಮುಖ ಬದಲಾದದ್ದು ಆಫೀಸಿನವರಿಗೆ ತಿಳಿಯಲಿಲ್ಲ. ನಾನು ಖೋಲಿಯಲ್ಲಿದ್ದೇನೆ.

ಆಪಾ, ಅವರಿಗೆ ವಾಪಸ್ ಬರಲು ಬರೆ. ನಾನು ಮಾಧುರಿ ಮೇಡಂ ಮುಂದೆ ನಿಂತು ನಿಜ ಹೇಳುತ್ತೇನೆ. ಹಾಜರಿ ನನ್ನದು, ಕೈ ನನ್ನದು, ಮಷೀನು ಕೆಟ್ಟಾಗ ಬಿಡಿಸಿದ್ದು ನಾನು. ಲೈನಿನಲ್ಲಿ ಎಲ್ಲರೂ ಸಾಕ್ಷಿ. ಒಂದು ವೇಳೆ ಒಪ್ಪಿಯಾರು. ದುಲ್ಹಾಭಾಯಿ ನನ್ನ ಮಾತು ಕೇಳುವುದಿಲ್ಲ, ನಿನ್ನದು ಕೇಳುತ್ತಾರೆ. ಬರೆಯುತ್ತೀಯಲ್ಲ?

ಜಾವೇದ


ಸಿಂದಗಿ
26 ಮೇ 2024

ಜಾವೇದ,

ತಡವಾಯಿತು.

ನೀನು ಕೇಳಿದ್ದು ನ್ಯಾಯ. ನಾನು ಜಡ್ಜ್ ಅಲ್ಲ, ಅಂಗನವಾಡಿ ಟೀಚರು. ನಮ್ಮಲ್ಲಿ ಎರಡು ಮಕ್ಕಳು ಒಂದೇ ಆಟಿಕೆಗೆ ಜಗ್ಗಾಡಿದರೆ, ಯಾವುದು ಅಳುವುದಿಲ್ಲವೋ ಅದರ ಕೈಯಿಂದ ಬಿಡಿಸಿ ಅಳುವುದಕ್ಕೆ ಕೊಡುತ್ತೇವೆ. ಬೇಗ ಸದ್ದಡಗುತ್ತದೆ. ನೀನು ಸಣ್ಣವನಿದ್ದಾಗಲೂ ಅಳುತ್ತಿರಲಿಲ್ಲ.

ನಿಜ ಹೇಳಿದರೆ ಏನಾಗುತ್ತದೆ, ನೀನೇ ಯೋಚಿಸು, ಯೋಚಿಸುವವನು ನೀನೇ ತಾನೆ. ಸುಳ್ಳು ಕಾಗದ ಕೊಟ್ಟವನು ಎಂದು ನಿನ್ನನ್ನು ಹೊರಗೆ ಹಾಕುತ್ತಾರೆ, ಕಾಗದ ಕೊಟ್ಟವರು ಎಂದು ಇವರನ್ನೂ. ಇಬ್ಬರಿಗೂ ಇಲ್ಲ. ನಿನ್ನ ಹತ್ತಿರ ಬಿ.ಎ. ಇದೆ, ನಾಳೆ ಏನಾದರೂ ಸಿಕ್ಕೀತು. ಇವರಿಗೆ ಈ ಜನ್ಮದಲ್ಲಿ ಸಿಗುವುದು ಇದೊಂದೇ. ಅದನ್ನು ನೀನು ಗಳಿಸಿ ಕೊಟ್ಟೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಎಲ್ಲರಿಗೂ ಅಲ್ಲ, ಹೇಳಬಹುದಾದವರಿಗೆ.

ನಾನು ಈ ಮನೆಯಲ್ಲಿ ಬದುಕುವುದನ್ನು ನೀನು ಕಂಡಿದ್ದೀಯ. ನನಗೆ ಈ ಅಡಿಗೆಮನೆಯಿಂದ ಹೊರಗೆ ಹೋಗಬೇಕು. ಇದಕ್ಕಿಂತ ಚಂದ ಮಾಡಿ ಹೇಳಲು ನನಗೆ ಬರುವುದಿಲ್ಲ.

ಅಮ್ಮಾಳನ್ನು ಕೇಳಿದೆ. “ಅಂವಾ ಗಂಡಸು, ಹೆಂಗರ ಬದಕ್ತಾನ” ಎಂದಳು. ಆಮೇಲೆ ಊಟಕ್ಕೆ ಏಳಲಿಲ್ಲ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಕೈ ಬರೆದುಬಿಟ್ಟಿತು.

ಇವರಿಗೆ ಮಷೀನು ಕಲಿಸು. ಬೆರಳು ಸಿಕ್ಕಿಸಿಕೊಂಡಾರು.

ಬುಷರಾ


ಚೀತಾ ಕ್ಯಾಂಪ್
15 ಸೆಪ್ಟೆಂಬರ್ 2024

ಬುಷರಾ ಆಪಾಗೆ ಸಲಾಂ.

ನಿನ್ನ ಆಜ್ಞೆಯಂತೆ ಕಲಿಸುತ್ತಿದ್ದೇನೆ. ಅದಕ್ಕೆ ಅಮೋಲ್ ಒಂದು ದಾರಿ ಮಾಡಿಕೊಟ್ಟಿದ್ದಾರೆ. ಯಾರಾದರೂ ಹೆಲ್ಪರು ಬಾರದ ದಿನ ಅವನ ಪಾಸಿನ ಮೇಲೆ ನಾನು ಒಳಗೆ. ಮೊನ್ನೆ ಪ್ರೀತಮ್ ಆಗಿದ್ದೆ, ನಿನ್ನೆ ಸೃಜನ್. ಎಲ್ಲರೂ ಬಂದ ದಿನ ನಾನು ಯಾರೂ ಅಲ್ಲ, ಅವತ್ತು ಗೇಟಿನಾಚೆ ವಡಾಪಾವ್ ತಿಂದು ವಾಪಸ್. ಹೀಗೆ ಹಳದಿ ಟೋಪಿ ಹಾಕಿ ನೀಲಿ ಟೋಪಿಯ ಹಿಂದೆ ನಿಲ್ಲುತ್ತೇನೆ.

ದುಲ್ಹಾಭಾಯಿ ಕೆಟ್ಟವರಲ್ಲ. ಮುಚ್ಚಳ ಹಾಕುವ ಮಷೀನಿನ ಸದ್ದಿಗೆ ಕಾಲಲ್ಲಿ ತಾಳ ಹಾಕುತ್ತಾರೆ, ತಾಳ ತಪ್ಪುವುದಿಲ್ಲ, ಡಬ್ಬಿ ತಪ್ಪುತ್ತವೆ. ಡಬ್ಬಿ ಸಿಕ್ಕಿಕೊಂಡರೆ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಕಡೆ ನೋಡುತ್ತಾರೆ. ನಾನು ಬಿಡಿಸುತ್ತೇನೆ. ಅವರು ಬಟನ್ ಒತ್ತುತ್ತಾರೆ. ಇಬ್ಬರೂ ಸೇರಿ ಒಬ್ಬ ಒಳ್ಳೆಯ ರಾಜೇಸಾಬ.

ಕಳೆದ ವಾರ ದೊಡ್ಡ ಸಾಹೇಬರು ಬಂದಿದ್ದರು. ಕಾಗದ ನೋಡಿ, “ಹಾಜರಿ ತಪ್ಪದ ರಾಜೇಸಾಬ್ ಯಾರು?” ಎಂದು ಕೂಗಿದರು. ನನ್ನ ಬಾಯಿ “ಜೀ ಸಾಬ್” ಎಂದಿತು. ದುಲ್ಹಾಭಾಯಿ ಬಾಯಿ ತೆರೆಯುವಷ್ಟರಲ್ಲಿ ನಾನು ಒಂದು ಹೆಜ್ಜೆ ಮುಂದೆ ಬಂದೂ ಆಗಿತ್ತು. ಎಲ್ಲರೂ ತಿರುಗಿ ನೋಡಿದರು. ಅಮೋಲ್ ನನ್ನ ಟೋಪಿಯ ಮೇಲೆ ಒಂದು ಬಾರಿಸಿ, “ಇವನು ಹೆಲ್ಪರ್ ಸಾಬ್, ತಲೆ ಸ್ವಲ್ಪ ಕಮ್ಮಿ” ಎಂದರು. ಸಾಹೇಬರು ನಕ್ಕು ದುಲ್ಹಾಭಾಯಿಯ ಕೈ ಕುಲುಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕಣ್ಣಲ್ಲಿ ನೀರಿತ್ತು, ಅದು ಅಲ್ಲಿ ಎಲ್ಲರಿಗೂ ಇರುತ್ತದೆ.

ಅಂದು ಲೋಕಲ್‌ನಲ್ಲಿ ದುಲ್ಹಾಭಾಯಿಯೊಡನೆ ವಾಪಸ್ ಬಂದೆ. ಮಾನ್‌ಖುರ್ದಿನಲ್ಲಿ ಇಳಿಯುವಾಗ, “ಜಾವೇದ, ನನ್ನ ಹೆಸರು ನನಗ ಬೇಕಪಾ. ಲೈನಿನ್ಯಾಗ ನನ್ನ ಕರದ್ರ ಜನ ನಿನ್ನ ನೋಡ್ತಾರ” ಎಂದರು. ನ್ಯಾಯವಾದ ದೂರು. ಎಲ್ಲಿ ಕೊಡಬೇಕೋ ತಿಳಿಯದು.

ದುಲ್ಹಾಭಾಯಿ ಚೆಂಬೂರಿನಲ್ಲಿ ಮನೆ ಹಿಡಿದಿದ್ದಾರಲ್ಲ, ನೀನು, ಅಮ್ಮಾ ಬರುವ ತಾರೀಖು ತಿಳಿಸಿ. ಸಾಮಾನು ಇಳಿಸಲು ಬರುತ್ತೇನೆ.

ಜಾವೇದ


ಚೆಂಬೂರು
8 ಡಿಸೆಂಬರ್ 2024

ಪ್ರೀತಿಯ ಜಾವೇದನಿಗೆ,

ಎರಡು ಸ್ಟೇಷನ್ ಆಚೆ ಇರುವವನಿಗೆ ಕಾಗದ ಯಾಕೆ ಎಂದು ಆಶ್ಚರ್ಯಪಡಬೇಡ. ಬಾಯಿಯಲ್ಲಿ ಹೇಳಲು ಆಗದ್ದಕ್ಕೆ ಸರಕಾರ ಪೋಸ್ಟ್ ಇಟ್ಟಿದೆ.

ನಾವು ಈ ಮನೆಗೆ ಬಂದ ದಿನ ನಮ್ಮ ಕಪಾಟು ನೀನೊಬ್ಬನೇ ಮೂರನೇ ಮಹಡಿಗೆ ಹೊತ್ತೆ. ಅಮ್ಮಾ ಇನ್ನೂ ಅದನ್ನೇ ಹೇಳುತ್ತಾಳೆ. ಇಲ್ಲಿ ಅವಳಿಗೆ ಬಾಲ್ಕನಿ ಸಿಕ್ಕಿದೆ. ಬೇಕಾದಷ್ಟು ಉಣ್ಣುತ್ತಾಳೆ. ನಾನೂ ಸುಖವಾಗಿದ್ದೇನೆ. ಇದನ್ನು ನಿನಗೆ ಬರೆಯಲು ನಾಚಿಕೆಯಾಗಬೇಕಿತ್ತು, ಆಗುತ್ತಿಲ್ಲ.

ಈ ಬಿಲ್ಡಿಂಗಿನಲ್ಲಿ ಕಂಪನಿಯವರೇ ಹೆಚ್ಚು. ಹೋದ ಭಾನುವಾರ ನೀನು ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯವನು “ಅರೇ ರಾಜೇಸಾಬ್” ಎಂದು ಕೂಗಿದ, ನೀನು ಕೈ ಎತ್ತಿದೆ. ಅವನ ಹೆಂಡತಿ ಮರುದಿನ ನಲ್ಲಿಯ ಹತ್ತಿರ ಕೇಳಿದಳು, “ಭಾಭಿ, ಇಬ್ಬರಲ್ಲಿ ನಿಮ್ಮ ಯಜಮಾನರು ಯಾರು?” ಉಳಿದವರು ನಕ್ಕರು. ತಮ್ಮನನ್ನು ಗಂಡನೋ ಎಂದು ಕೇಳಿಸಿಕೊಂಡು ಬಿಂದಿಗೆ ಹೊತ್ತು ಬಂದೆ. ಇವರಿಗೆ ಹೇಳಲಿಲ್ಲ. ಯಾರೋ ಹೇಳಿದರು.

ಅದಕ್ಕೇ ಇನ್ನು ಬರಬೇಡ. ಲೈನಿಗೂ ಬೇಡ. ಅಮೋಲ್‌ಗೆ ಇವರು ಹೇಳಿದ್ದಾರೆ.

ನಿನ್ನನ್ನು ಬೀದಿಗೆ ಬಿಟ್ಟಿಲ್ಲ. ಇವರೇ ಸಿದ್ದಲಿಂಗಪ್ಪನವರ ಹತ್ತಿರ ಹೋಗಿ ಮಾತಾಡಿ ಬಂದರು. ಬೊರಿವಲಿ ದಾಟಿ ವಸಾಯಿಯಲ್ಲಿ ಪ್ಲಾಸ್ಟಿಕ್ ಬಕೆಟ್ ಕಾರ್ಖಾನೆ, ಹೆಲ್ಪರ್ ಕೆಲಸ, ಅಲ್ಲೇ ಮಲಗಲು ಜಾಗ. ನಿನ್ನ ಹೆಸರಿನಲ್ಲಿ ಆಗುವುದಿಲ್ಲ, ಬಿ.ಎ. ಇದೆಯಲ್ಲ. ಅಮಿತ ಎಂಬುವನ ಕಾಗದಗಳು ಅವರ ಬಳಿ ಇವೆ. ಎಂಟನೇ ಫೇಲ್. ಅವನು ದುಬೈಗೆ ಹೋದವನು ಸದ್ಯ ಬರುವುದಿಲ್ಲವಂತೆ. ಗಡ್ಡ ತೆಗೆಸಬೇಕು ಎಂದಿದ್ದಾರೆ.

ನೀನು ದೂರದ ಊರಿಗೆ, ಆಫೀಸರ್ ಆಗಿ ಹೋಗಿದ್ದೀಯ ಎಂದು ಅಮ್ಮಾಗೆ ಹೇಳಿದ್ದೇನೆ. ತುಂಬ ಸಂತೋಷಪಟ್ಟಳು. ಅದನ್ನು ಕೆಡಿಸಬೇಡ.

ಎಂದೆಂದೂ ನಿನ್ನ
ಬುಷರಾ ಆಪಾ


ವಸಾಯಿ
23 ಫೆಬ್ರವರಿ 2025

ಶ್ರೀಮತಿ ಬುಷರಾ ಅವರಿಗೆ ನಮಸ್ಕಾರ.

ತಾವು ಕಾರ್ಖಾನೆಯ ವಿಳಾಸಕ್ಕೆ ಬರೆದ ಪತ್ರಗಳು ತಲುಪಿದವು. ಜಾವೇದ ಎಂಬ ಹೆಸರಿಗೆ ಇದ್ದವು. ಆ ಹೆಸರಿನವರು ಇಲ್ಲಿ ಯಾರೂ ಇಲ್ಲವೆಂದು ಗೇಟಿನವನು ಹಿಂದಕ್ಕೆ ಕೊಡುತ್ತಿದ್ದ. ಕನ್ನಡದಲ್ಲಿದೆ, ಓದಿ ನೋಡುತ್ತೇನೆ ಎಂದು ನಾನು ಇಸಿದುಕೊಂಡೆ. ಇನ್ನೊಮ್ಮೆ ಬಂದರೆ ಅವನಿಗೆ ಅನುಮಾನ ಬರುತ್ತದೆ.

ತಮ್ಮ ತಾಯಿ ದಿನವೂ ಬಾಗಿಲ ಕಡೆ ನೋಡುತ್ತಾರೆ, ಊಟ ಬಿಟ್ಟಿದ್ದಾರೆ, ಒಮ್ಮೆ ಬಂದು ಹೋಗು ಎಂದು ಬರೆದಿದ್ದೀರಿ. ಓದಿ ನನಗೂ ಕೆಡುಕೆನಿಸಿತು. ಆದರೆ ನಾನು ಹೊಸಬ. ಹೊಸಬರಿಗೆ ರಜೆ ಇಲ್ಲ.

ಇಲ್ಲಿ ನನ್ನ ಕಾಗದಗಳನ್ನು ಬಾಯಿಪಾಠ ಮಾಡಿದ್ದೇನೆ. ಹುಟ್ಟಿದ ತಾರೀಖು, ರಕ್ತದ ಗುಂಪು, ತಂದೆಯ ಹೆಸರು, ತಾಯಿಯ ಹೆಸರು. ತಾಯಿಯ ಹೆಸರು ಕೇಳಿದಾಗ ಮೊದಲ ದಿನ ತಡವರಿಸಿದೆ. ಈಗ ಕೇಳಿದ ತಕ್ಷಣ ಹೇಳುತ್ತೇನೆ.

ಅಕ್ಕ ಇದ್ದಾಳೆ ಎಂದು ಯಾವ ಕಾಗದದಲ್ಲೂ ಇಲ್ಲ. ಇದ್ದಾಳೆ ಎಂದು ಯಾರಿಗಾದರೂ ಹೇಳಿದರೆ ಸಿಕ್ಕಿಬೀಳುತ್ತೇನೆ. ಹೇಳುವುದಿಲ್ಲ.

ಇಂತಿ,
ಅಮಿತ
ಎಂಟನೇ ಫೇಲ್